ಕೆಂಪಿಲ್ಲದ ವಿಮಾನ

ನಮ್ಮ ನಡುಮನೆಯಲ್ಲಿ ಒಂದು ಗಾಜಿನ ಬೀರು ಇದೆ. ಬೇರೆಯವರ ಮನೆಗಳಲ್ಲಿ ಅಂಥ ಬೀರುವಿನೊಳಗೆ ಪಿಂಗಾಣಿ ಬಟ್ಟಲುಗಳೋ ಮಕ್ಕಳು ಗೆದ್ದು ತಂದ ಕಪ್ಪುಗಳೋ ಇರುತ್ತವೆ. ನಮ್ಮಲ್ಲಿ ಯುದ್ಧವಿಮಾನಗಳಿವೆ. ಒಂದೊಂದೂ ಅಂಗೈಗಿಂತ ಸ್ವಲ್ಪ ದೊಡ್ಡದು. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ, ಬಣ್ಣ ಹಾಕಿ, ನಿಜವಾದ ವಿಮಾನವನ್ನೇ ಕುಗ್ಗಿಸಿದಂತೆ ಮಾಡಿದವು. ಮಾಡಿದವರು ನನ್ನ ಗಂಡ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನಮ್ಮೂರು ಶನಿವಾರಸಂತೆಯ ಅರ್ಧ ಜನಕ್ಕೆ ಸೂಜಿ ಚುಚ್ಚಿದ ಕೈ ನನ್ನದು, ಉಳಿದರ್ಧ ಜನರ ಕಿವಿ ಹಿಂಡಿದ ಕೈ ಅವರದು ಎಂದು ಸಂತೆಯಲ್ಲಿ ಸಿಕ್ಕವರು ಈಗಲೂ ತಮಾಷೆ ಮಾಡುತ್ತಾರೆ.

ಆ ಬೀರುವಿಗೆ ಒಂದು ಕಾನೂನಿತ್ತು. ಆಯುಧಪೂಜೆಯ ದಿನ ಮನೆಯಲ್ಲಿ ಎಲ್ಲಕ್ಕೂ ವಿಭೂತಿ, ಕುಂಕುಮ ಬೀಳುತ್ತದೆ. ಜೀಪು, ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್, ಮಿಕ್ಸಿ, ಹೊಲಿಗೆ ಮೆಷಿನ್ನು, ಕಡೆಗೆ ನನ್ನ ಬಿಪಿ ಮೆಷಿನ್ನನ್ನೂ ಬಿಡುವುದಿಲ್ಲ. ವಿಮಾನಗಳಿಗೆ ಮಾತ್ರ ಇಲ್ಲ. ಕುಂಕುಮವನ್ನು ಬೀರುವಿನ ಗಾಜಿಗೆ ಇಟ್ಟು ಕೈಮುಗಿಯಬೇಕು, ಬಾಗಿಲು ತೆರೆಯಬಾರದು. ಈ ಕಾನೂನು ಬಂದದ್ದು ನಮ್ಮ ಅತ್ತೆಯ ದೆಸೆಯಿಂದ. ನನ್ನ ಮದುವೆಯಾದ ಹೊಸದರಲ್ಲಿ ಅವರು, "ಯಂತ್ರ ಅಂದ್ಮೇಲೆ ಕುಂಕುಮ ಬ್ಯಾಡ್ವೇನೋ?" ಎಂದುಕೊಂಡು, ಆಗಷ್ಟೇ ಮುಗಿದಿದ್ದ ಒಂದು ವಿಮಾನದ ಎರಡೂ ರೆಕ್ಕೆಗೆ ಒದ್ದೆ ಕುಂಕುಮ ಇಟ್ಟಿದ್ದರು. ಹೊಳಪಿಲ್ಲದ ಬಣ್ಣ ಕುಂಕುಮವನ್ನು ಕುಡಿದುಬಿಡುತ್ತದೆ. ಒರೆಸಿದರೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಇವರು ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಹಬ್ಬದ ಹೋಳಿಗೆಯನ್ನು ಮಾತ್ರ ಮುಟ್ಟಲಿಲ್ಲ. ಮಾರನೆಯ ದಿನ ರೆಕ್ಕೆಗಳನ್ನು ಮರಳು ಕಾಗದದಲ್ಲಿ ಉಜ್ಜಿ ಮೊದಲಿನಿಂದ ಬಣ್ಣ ಹಾಕಿದರು. ಅಂದಿನಿಂದ ಇದ್ದಷ್ಟು ದಿನ ಅತ್ತೆಯೂ, ಅವರು ಹೋದ ಮೇಲೆ ನಾನೂ, ಗಾಜಿಗೇ ಕುಂಕುಮ ಇಡುತ್ತ ಬಂದೆವು.

ಕೆಲವು ವರ್ಷದ ಹಿಂದೆ ಇವರ ಬಲಗೈ ನಡುಗಲು ಶುರುವಾಯಿತು. ಮೊದಲು ಗಮನಿಸಿದವಳು ನಾನೇ. ಕಾಫಿ ಲೋಟವನ್ನು ಮೇಜಿನ ಮೇಲೆ ಇಡುವಾಗ ಕಟಕಟ ಸದ್ದಾಗುತ್ತಿತ್ತು. ಮೈಸೂರಿನ ಡಾಕ್ಟರು ಹೇಳುವ ಮೊದಲೇ ಕಾಯಿಲೆಯ ಹೆಸರು ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕೈ ಹೇಳಿದ ಮಾತು ಕೇಳುತ್ತದೆ, ಆಮೇಲೆ ಮತ್ತೆ ತನ್ನದೇ ದಾರಿ ಹಿಡಿಯುತ್ತದೆ. ಅವರು ವಿಮಾನ ಮಾಡುವುದನ್ನು ಬಿಟ್ಟರು. ಬಿಟ್ಟೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಕಿಟಕಿಯ ಪಕ್ಕದ ತಮ್ಮ ಕೆಲಸದ ಕುರ್ಚಿಯಲ್ಲಿ ಕೂರುವುದನ್ನು ನಿಲ್ಲಿಸಿದರು.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಮಗಳು ಒಂದು ಡಬ್ಬಿ ತಂದುಕೊಟ್ಟಳು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಹಾರಿದ ಹರಿಕೇನ್ ಎಂಬ ವಿಮಾನ. ಇವರು ಬಹಳ ಕಾಲದಿಂದ ಹುಡುಕುತ್ತಿದ್ದದ್ದಂತೆ. ಡಬ್ಬಿಯ ಮೇಲಿನ ಚಿತ್ರ ನೋಡುತ್ತಲೇ ಮೇಷ್ಟ್ರ ದನಿ ವಾಪಸು ಬಂತು.

"ಇದ್ರಲ್ಲಿ ಏನು ಕಾಣ್ತಿಲ್ಲ, ಹೇಳು ನೋಡಾಣ," ಎಂದು ನನ್ನನ್ನು ಕೇಳಿದರು.

ನನಗೆ ರೆಕ್ಕೆ, ಬಾಲ, ಫ್ಯಾನು ಎಲ್ಲ ಕಂಡಿತು. ಹಾಗೆಂದೆ.

"ಕೆಂಪು ಕಣೆ. ಎಲ್ಲೂ ಒಂದು ಹನಿ ಕೆಂಪಿಲ್ಲ. ಜಪಾನಿನವರ ಗುರುತು ಕೆಂಪು ಉಂಡೆ. ನಮ್ಮ ಕಡೆ ವಿಮಾನದಲ್ಲಿ ಕೆಂಪು ಕಂಡ್ರೆ ಕೆಳಗಿರೋ ನಮ್ಮೋರೇ ಗುಂಡು ಹೊಡೆಯೋರು. ಅದಕ್ಕೆ ನಮ್ಮ ರೆಕ್ಕೆ ಮೇಲಿನ ಗುರುತಿನ ಚಕ್ರದಲ್ಲಿದ್ದ ಕೆಂಪನ್ನೇ ತೆಗೆದು ನೀಲಿ ಹಾಕಿದ್ರು."

ಮಳೆಗಾಲವೆಲ್ಲ ಮಾತ್ರೆ ನುಂಗಿದ ಮೇಲಿನ ಒಳ್ಳೆಯ ಹೊತ್ತು ನೋಡಿಕೊಂಡು, ಒಂದೊಂದೇ ತುಂಡನ್ನು ಅಂಟಿಸಿದರು. ಅಂಟು ಬೆರಳಿಗೂ ಮೇಜಿಗೂ ಮೆತ್ತಿತು, ಆದರೂ ವಿಮಾನದ ಆಕಾರ ಬಂತು. ನಾನು ಹೊಗಳಿದರೆ, "ಅಂಟಿಸೋದು ಯಾರು ಬೇಕಾದ್ರೂ ಅಂಟಿಸ್ತಾರೆ. ಅದು ವಿಮಾನ ಆಗೋದು ಬಣ್ಣದಲ್ಲೇ," ಎಂದರು.

ಆ ಬಣ್ಣದಲ್ಲೇ ಸೋತರು. ಭಾದ್ರಪದದ ಒಂದು ಬಿಸಿಲಿನ ಬೆಳಿಗ್ಗೆ ಬೂದು ಬಣ್ಣ ಅದ್ದಿದ ಬ್ರಷ್ಷನ್ನು ರೆಕ್ಕೆಯ ಹತ್ತಿರ ಒಯ್ಯುವಷ್ಟರಲ್ಲಿ ಕೈ ಹಾರಿ, ಪೈಲಟ್ ಕೂರುವ ಜಾಗದ ಗಾಜಿನ ಮೇಲೆ ಬೂದು ಬಳಿಯಿತು. ಅವರು ಬ್ರಷ್ಷನ್ನು ತೊಳೆದು, ಒರೆಸಿ, ಸ್ಟ್ಯಾಂಡಿಗೆ ಹಾಕಿದರು. ವಿಮಾನದ ಮೇಲೆ ಟವೆಲ್ ಮುಚ್ಚಿದರು.

"ಇದನ್ನ ಸ್ಕೂಲಿಗೆ ಕೊಟ್ಬಿಡು. ಬಣ್ಣದ ಡಬ್ಬಿಗಳನ್ನೂ," ಎಂದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಟವೆಲ್ ತೆಗೆದು, ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಆ ಗಾಜನ್ನು ಒರೆಸಿಯೇಬಿಟ್ಟೆ. ಹಸಿ ಬಣ್ಣ ಬಿಟ್ಟಿತು.

"ಕೈ ನಂದು, ಬಾಯಿ ನಿಮ್ದು. ಹೇಳಿ, ನಾನು ಹಾಕ್ತೀನಿ," ಎಂದೆ.

"ಸೂಜಿ ಚುಚ್ಚಿದಂಗಲ್ಲ ಇದು."

"ಹೌದು. ಅಲ್ಲಿ ಜನ ಕಿರುಚ್ತಿದ್ರು. ಇದು ಸುಮ್ನಿರುತ್ತೆ."

ಅವರು ನಕ್ಕರು. ಅಲ್ಲಿಂದ ಶುರುವಾದ ನಮ್ಮ ಜಗಳ ಬಹಳ ದಿನ ನಡೆಯಿತು. ಮೊದಲು ಕೆಳಹೊಟ್ಟೆಗೆ ಬೂದು. ಅದು ಒಣಗಿದ ಮೇಲೆ ಬೆನ್ನಿಗೆ ಮಣ್ಣಿನ ಬಣ್ಣ. ಅದರ ಮೇಲೆ ಟೇಪನ್ನು ಅಂಕುಡೊಂಕಾಗಿ ಕತ್ತರಿಸಿ ಅಂಟಿಸಿ, ಬಿಟ್ಟ ಜಾಗಕ್ಕೆ ಹಸಿರು. ಗಾಳಿಯಿಂದ ಬಣ್ಣ ಉಗುಳುವ ಪೆನ್ನಿನಂಥ ಸಾಧನವೊಂದಿದೆ. ಬಣ್ಣಕ್ಕೆ ಎಷ್ಟು ತಿನ್ನರ್ ಎಂದು ಅವರು ಹೇಳುತ್ತಿದ್ದರು, ನಾನು ಸಿರಿಂಜಿನಲ್ಲಿ ಅಳೆಯುತ್ತಿದ್ದೆ. "ಹಾಲಿನಂಗಿರ್ಬೇಕು, ನೀರಿನಂಗಲ್ಲ" ಎನ್ನುತ್ತಿದ್ದರು. ಯಾವ ಹಾಲು, ನಮ್ಮ ಮನೆಯದೋ ಹೋಟೆಲಿನದೋ ಎಂದು ನಾನು ಕೇಳುತ್ತಿದ್ದೆ. ಪೈಲಟ್ಟಿನ ಗಾಜಿಗೆ ಕೂದಲೆಳೆಯಂಥ ಚೌಕಟ್ಟುಗಳಿದ್ದವು. ನನ್ನ ಮೊದಲ ಗೆರೆ ಸೊಟ್ಟಗಾಯಿತು. ಬ್ರಷ್ಷೇ ಸರಿಯಿಲ್ಲ ಎಂದೆ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದು ಅವರು ಹಿಂದಿನಿಂದ ಹೇಳಿದರು. ಎರಡನೆಯ ಸಲ ಉಸಿರು ಬಿಗಿಹಿಡಿದು ಎಳೆದೆ. ನೆಟ್ಟಗೆ ಬಂತು. ಹಿಂದಿನಿಂದ ಯಾವ ಮಾತೂ ಬರಲಿಲ್ಲ. ಅದೇ ಅವರ ಸರ್ಟಿಫಿಕೇಟು ಎಂದುಕೊಂಡೆ.

ಹೊಳಪು ಕೊಲ್ಲುವ ಕೊನೆಯ ವಾರ್ನಿಶನ್ನು ಮೋಡದ ದಿನ ಹಾಕಬೇಡ ಎಂದು ಅವರು ಸಾರಿ ಸಾರಿ ಹೇಳಿದ್ದರು. ಒಂದು ದಿನ ಅವರು ಮಲಗಿದ್ದಾಗ, ಮುಗಿಸಿಯೇಬಿಡೋಣ ಎಂದು ಹಾಕಿದೆ. ಗಾಳಿಯಲ್ಲಿ ತೇವವಿತ್ತು. ನೋಡುನೋಡುತ್ತಿದ್ದಂತೆ ಇಡೀ ವಿಮಾನ ವಿಭೂತಿ ಬಳಿದುಕೊಂಡಂತೆ ಬೆಳ್ಳಗಾಯಿತು. ಅವರು ಎದ್ದು ಬಂದು ನೋಡಿದರು. ಬೈಯಲಿಲ್ಲ. "ಒಳ್ಳೆ ಬಿಸಿಲು ಬರೋವರ್ಗೂ ಮುಟ್ಬೇಡ. ಬಂದ ದಿನ ಹೊಳಪಿನ ವಾರ್ನಿಶ್ ಒಂದು ಕೋಟು ಕೊಡು, ಬಿಳಿ ಕರಗುತ್ತೆ. ಅದರ ಮೇಲೆ ಮತ್ತೆ ಇದು," ಎಂದರು. ಹಾಗೆಯೇ ಮಾಡಿದೆ, ಬಿಳಿ ಕರಗಿತು. ಆ ಹೊತ್ತಿಗೆ ಅವರು ಖುಷಿಯಾಗಿದ್ದರು. ನಾನೂ ಖುಷಿಯಾಗಿದ್ದೆ.

ಗಾಳಿಬೀಡಿನಿಂದ ಆಗಾಗ ಇವರ ಹಳೆಯ ಜೊತೆಗಾರರೊಬ್ಬರು, ಕನ್ನಡ ಮೇಷ್ಟ್ರಾಗಿದ್ದವರು, ಮಾತಾಡಲು ಬರುತ್ತಾರೆ. ವಿಮಾನ ಬೀರು ಸೇರಿದ ವಾರ ಅವರು ಬಂದರು. ಗಾಜಿಗೆ ಮೂಗು ತಾಗಿಸಿ ನೋಡಿ, "ಕೈ ಬಿಟ್ಟಿಲ್ಲ ಬಿಡಿ ಮೇಷ್ಟ್ರೆ. ಮೊದಲಿಗಿಂತ ಚೆನ್ನಾಗಿದೆ," ಎಂದರು.

"ನಂದಲ್ಲ. ಇವಳು ಮಾಡಿದ್ದು," ಎಂದರು ಇವರು.

ಅದನ್ನು ಅವರು ಹೆಮ್ಮೆಯಿಂದಲೇ ಹೇಳಿದ್ದು. ಆದರೆ ಹೇಳಿದ ಮೇಲೆ ಕೈಯನ್ನು ಪಂಚೆಯ ಮಡಿಕೆಯೊಳಗೆ ಸೇರಿಸಿಕೊಂಡರು, ಸಂತೆಯಲ್ಲಿ ಯಾರಾದರೂ ಎದುರಾದಾಗ ಮಾಡುವ ಹಾಗೆ. ಅವರಿಗೆ ಅವರ ವಿಮಾನ ಉಳಿಸಿಕೊಡುತ್ತೇನೆ ಎಂದು ಹೊರಟವಳು, ಕಡೆಯದನ್ನೂ ಅವರ ಕೈಯಿಂದ ಕಿತ್ತುಕೊಂಡಿದ್ದೆ. ಬೀರುವಿನಲ್ಲಿ ಅಷ್ಟೊಂದು ವಿಮಾನ ಅವರದು, ಇದೊಂದು ನನ್ನದು. ನನಗೆ ಬೇಕಾದದ್ದು ಅದಲ್ಲ. ಆಮೇಲೆ ಬಹಳ ಸಲ, "ಬಾಲದ ಹತ್ತಿರ ಒಂದು ಗೆರೆ ಬಾಕಿ ಇದೆ, ನೀವೇ ಹಾಕಿ" ಎಂದು ಪುಸಲಾಯಿಸಿದೆ. "ಮುಗಿದದ್ದನ್ನ ಯಾಕೆ ಕೆಡಿಸ್ತೀಯ?" ಎಂದು ಅವರು ಪೇಪರ್ ಓದಲು ಕೂತರು.

ಆಯುಧಪೂಜೆ ಬಂತು. ಮಗಳು ರಜೆಗೆ ಬಂದಿದ್ದಳು. ಬೆಳಿಗ್ಗೆ ಜೀಪು ತೊಳೆದು, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದೆವು. ಒಳಗೆ ಬಂದು ಮಿಕ್ಸಿ, ಹೊಲಿಗೆ ಮೆಷಿನ್ನು ಎಲ್ಲ ಮುಗಿಸಿದೆ. ಕಡೆಗೆ ಬೀರುವಿನ ಗಾಜಿಗೆ ಕುಂಕುಮ ಇಡಲು ಕೈ ಎತ್ತಿದೆ.

"ಬಾಗಿಲು ತೆಗಿ," ಎಂದರು ಇವರು, ಕುರ್ಚಿಯಿಂದ ಏಳುತ್ತ.

ನೋಡಬೇಕೇನೋ ಎಂದುಕೊಂಡು ತೆಗೆದು, ಹರಿಕೇನನ್ನು ಮೇಜಿನ ಮೇಲೆ ಇಟ್ಟೆ. ಅವರು ನನ್ನ ಕೈಯಿಂದ ಕುಂಕುಮದ ಬಟ್ಟಲು ಇಸಿದುಕೊಂಡು ಉಂಗುರದ ಬೆರಳನ್ನು ಅದ್ದಿದರು.

"ರೀ, ಅದು ಹೋಗಲ್ಲ," ಎಂದೆ.

"ಗೊತ್ತು. ನಾನೇ ಹೇಳಿದ್ದು."

"ಇದ್ರಲ್ಲಿ ಕೆಂಪಿರಬಾರ್ದು ಅಂದ್ರಿ. ನಿಮ್ಮೋರೇ ಗುಂಡು ಹೊಡೀತಾರೆ."

"ಹೊಡೀಲಿ ಬಿಡು."

ಬೆರಳು ನಡುಗುತ್ತ ಬಂತು. ಮಾತ್ರೆಯ ಹೊತ್ತು ಮುಗಿದಿತ್ತು. ರೋಗಿಯ ಮಣಿಕಟ್ಟು ಹಿಡಿದು ಹಿಡಿದು ನನ್ನ ಕೈಗೆ ಅಭ್ಯಾಸ. ಹಿಡಿಯಲು ಮುಂದೆ ಹೋಯಿತು. ಕಷ್ಟಪಟ್ಟು ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡೆ. ಅವರ ಬೆರಳು ವಿಮಾನದ ಮೂತಿಯನ್ನು ತಪ್ಪಿ ಸ್ವಲ್ಪ ಹಿಂದೆ ತಾಗಿತು, ತಾಗಿದ್ದು ನಿಲ್ಲದೆ ರೆಕ್ಕೆಯ ಬುಡದವರೆಗೆ ಎಳೆದುಕೊಂಡು ಹೋಯಿತು. ಅದು ಬೊಟ್ಟಾಗಲಿಲ್ಲ. ಮಕ್ಕಳು ಸ್ಲೇಟಿನ ಮೇಲೆ ಗೀಚಿದ ಹಾಗೆ ಒಂದು ಸೊಟ್ಟ ಗೆರೆಯಾಯಿತು. ಹಸಿರು, ಮಣ್ಣು ಎರಡೂ ಬಣ್ಣ ಅದನ್ನು ಕುಡಿದವು. ಅವರು ಬೆರಳನ್ನು ಒರೆಸಿಕೊಳ್ಳದೆ ಕೈಮುಗಿದರು, ಊಟಕ್ಕೆ ಕೂತು ಹೋಳಿಗೆ ಇನ್ನೊಂದು ಹಾಕಿಸಿಕೊಂಡರು.

ನಾನು ಆ ಗೆರೆಯನ್ನು ಒರೆಸುವ ಪ್ರಯತ್ನ ಮಾಡಲಿಲ್ಲ. ಬೀರುವಿನ ಧೂಳು ಹೊಡೆಯುವಾಗ ಆ ಜಾಗವನ್ನು ಬಿಟ್ಟೇ ಹೊಡೆಯುತ್ತೇನೆ.

ದೀಪಾವಳಿ ಕಳೆದ ಮೇಲೆ ಗಾಳಿಬೀಡಿನ ಮೇಷ್ಟ್ರು ಮತ್ತೆ ಬಂದರು. ನಾನು ಕಾಫಿ ಕೊಡುತ್ತಿದ್ದೆ. ಅವರು ಬೀರುವಿನ ಹತ್ತಿರ ನಿಂತು ಕನ್ನಡಕ ಸರಿಮಾಡಿಕೊಂಡರು.

"ಅಯ್ಯೋ, ಇದೇನು ಕೆಂಪು ಮೆತ್ತಿದೆ? ಇಷ್ಟು ಚೆನ್ನಾಗಿದ್ದದ್ದನ್ನ ಯಾರು ಹಾಳು ಮಾಡಿದ್ದು?"

ಇವರು ಪಂಚೆಯ ಮಡಿಕೆಯಿಂದ ಕೈಯನ್ನು ಈಚೆ ತೆಗೆದು ಬೀರುವಿನ ಕಡೆ ತೋರಿಸಿದರು. ಬೆರಳು ನಡುಗುತ್ತಿತ್ತು. ಒಳಗೆ ಎಳೆದುಕೊಳ್ಳಲಿಲ್ಲ.

"ಮಿಕ್ಕಿದ್ದೆಲ್ಲ ಇವಳದು," ಎಂದರು. "ಆ ಕೆಂಪು ನಂದು."