ಸಾಬರು ಮುಟ್ಟದೆ ಬಿಟ್ಟ ಜಾಗ

ಕೋವಿ ಸಾಬರ ಬಲಗೈ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಕಬ್ಬಿಣ ಉಜ್ಜಿ ಉಜ್ಜಿ ಅದು ಹುಣಸೆ ಬೀಜದ ಹಾಗೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಅದನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. "ನಾನು ಇಲ್ವೇ ಇಲ್ಲ ಅಂತೈತೆ ನೋಡ್ರಿ ಈ ಮಷೀನು" ಎಂದು ನಗುತ್ತಾ ಹೆಂಡತಿಯನ್ನು ಕರೆತಂದು ಬೆರಳು ಒತ್ತಿಸುತ್ತಿದ್ದರು.

ಶಿರಾಳಕೊಪ್ಪದಲ್ಲಿ, ಸಂತೆಗೆ ಹೋಗುವ ಓಣಿಯಲ್ಲಿ ಅವರದು ಲೈಸೆನ್ಸ್ ಇದ್ದ ಕೋವಿ ರಿಪೇರಿ ಅಂಗಡಿ. ನಾನು ಸೊರಬದ ಕಡೆಯ ಒಂದು ಸರ್ಕಾರಿ ಶಾಲೆಯ ಟೀಚರ್. ಅಪ್ಪ ತೀರಿಕೊಂಡ ಮೇಲೆ ಬೆಳೆ ಕಾಯುವ ರೈಫಲ್ ನನ್ನ ಹೆಸರಿಗೆ ಬಂತು. ಗಂಡುಮಕ್ಕಳಿಲ್ಲದ ಮನೆ, ಮೆಕ್ಕೆಜೋಳಕ್ಕೆ ಹಂದಿಕಾಟ. ಬೇಡವೆನ್ನಲು ಯಾರೂ ಬಿಡಲಿಲ್ಲ. ಸಾಲದ್ದಕ್ಕೆ ಅದು ಸ್ಟೀಲ್ ನಳಿಗೆಯದು, ತಿಕ್ಕಿಟ್ಟ ತಂಬಿಗೆಯಂತೆ ಹೊಳೆಯುತ್ತಿತ್ತು. ಗುರಿ ಹಿಡಿದರೆ ಬಿಸಿಲು ನಳಿಗೆಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಈ ಹೊಳಪು ತೆಗೆದುಕೊಡಿ ಎಂದು ಸಾಬರ ಮುಂದಿಟ್ಟೆ.

"ಎಲ್ಲಾರೂ ಹೊಳಪು ಬರಸ್ರಿ ಅಂತಾರೆ, ನೀವೊಬ್ರು ತೆಗೀರಿ ಅಂತೀರಿ. ತೆಗಿಯೋದೇ ಕಷ್ಟ, ಟೀಚರಮ್ಮ" ಎಂದರು.

ಕೆಲಸ ಶುರುಮಾಡುವ ಮೊದಲು ಅವರದೊಂದು ಪದ್ಧತಿ. ಹಳೇ ಸೈಕಲ್ ಟ್ಯೂಬಿನ ಸಣ್ಣ ತುಂಡು ಕತ್ತರಿಸಿ, ನಳಿಗೆಯಲ್ಲಿ ತೆಳುವಾಗಿ ಕೊರೆದ ನಂಬರಿನ ಮೇಲೆ ಅಂಟಿಸುವುದು. "ಇದು ಇದರ ಹೆಸರು. ಹೆಸರಿಗೆ ಕೈ ಹಚ್ಚಬಾರ್ದು." ಆಮೇಲೆ ಉಜ್ಜುಕಾಗದಕ್ಕೆ ಎಣ್ಣೆ ಹಚ್ಚಿ, ಒಂದೇ ದಿಕ್ಕಿಗೆ, ಅವಸರವಿಲ್ಲದೆ ಉಜ್ಜುತ್ತಿದ್ದರು. ಹಿಂದಕ್ಕೂ ಮುಂದಕ್ಕೂ ತಿಕ್ಕಿದರೆ ಗೀರು ಬಿದ್ದು ಮತ್ತೆ ಹೊಳೆಯುತ್ತದಂತೆ. ಮಧ್ಯಾಹ್ನದ ಹೊತ್ತಿಗೆ ನಳಿಗೆ ಬೂದಿ ಬಣ್ಣಕ್ಕೆ ತಿರುಗಿತು. ಇಲ್ಲಿಯವರೆಗೆ ತನ್ನ ಕೈಯಲ್ಲಿ ಒಂದು ನಂಬರೂ ಕೆಟ್ಟಿಲ್ಲ ಎನ್ನುವುದು ಅವರ ಹೆಮ್ಮೆ. ಓಣಿಗೆಲ್ಲ ಗೊತ್ತಿದ್ದ ಹೆಮ್ಮೆ ಅದು.

ತಪ್ಪು ನನ್ನದು. ರಬ್ಬರ್ ತೆಗೆದಾಗ ನಂಬರಿನ ಸುತ್ತ ಎರಡು ಬೆರಳಗಲ ಹೊಳಪು ಹಾಗೇ ಉಳಿದಿತ್ತು. ಮಕ್ಕಳ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಸೊಟ್ಟಗಿದ್ದರೂ ಸಹಿಸದ ಸ್ವಭಾವ ನನ್ನದು. ಒಂದು ಭಾನುವಾರ ಮನೆಯಲ್ಲಿ ಕೂತು ಆ ಜಾಗವನ್ನೂ ಉಜ್ಜಿದೆ, ಹಿಂದಕ್ಕೂ ಮುಂದಕ್ಕೂ, ಜೋರಾಗಿ. ಒರೆಸಿ ನೋಡಿದರೆ ನಂಬರಿನ ಕೊನೆಯ ಎರಡು ಅಂಕಿ ಇರಲಿಲ್ಲ.

ಅದೇ ವಾರ ಚುನಾವಣೆ ಘೋಷಣೆಯಾಯಿತು. ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಅಲ್ಲಿ ನಂಬರ್ ತಾಳೆ ನೋಡುತ್ತಾರೆ. ನಂಬರ್ ಅಳಿಸಿದ್ದು ಅಪರಾಧ. ಕೇಸಾದರೆ ನೌಕರಿ ಹೋಗುತ್ತದೆ. ಒಪ್ಪಿಸುವ ಹಾಗಿಲ್ಲ, ಒಪ್ಪಿಸದೆ ಇರುವ ಹಾಗೂ ಇಲ್ಲ. ಎರಡು ದಿನ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಮೂರನೇ ದಿನ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಾಬರ ಹತ್ತಿರ ಓಡಿದೆ.

ಅವರು ಆ ಜಾಗವನ್ನು ಹೆಬ್ಬೆರಳಿಂದ ಸವರಿದರು.

"ಯಾರು ತಿಕ್ಕಿದ್ದು?"

"ನಾನೇ. ಇನ್ನೊಂದ್ಸಲ ನಂಬರ್ ಹೊಡ್ಕೊಡಿ ಸಾಬ್ರೇ, ಕಾಲಿಗೆ ಬೀಳ್ತೀನಿ."

"ನಾನು ಹೊಡುದ್ರೆ ಅದು ಕಳ್ಳ ನಂಬರ್ ಆಗ್ತೈತೆ. ಅದೊಂದು ಕೇಳ್ಬೇಡ್ರಿ." ರಿಪೇರಿಗೆ ಬಂದ ಕೋವಿಗಳ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿ ಬಾಗಿಲೆಳೆದರು. "ಇದ್ರಾಗೆ ಪೂರ್ತಿ ನಂಬರ್ ಐತೆ. ನಡೀರಿ, ನಾನೂ ಬರ್ತೀನಿ."

ಠಾಣೆಯಲ್ಲಿ ದಫೇದಾರರು ನಳಿಗೆ ನೋಡಿ, "ಕೊನೇವೆರಡು ಎಲ್ಲಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಸಾಬರು, "ನನ್ ಕೈತಪ್ಪು ಸಾರ್. ರಬ್ಬರ್ ಜಾರಿತ್ತು, ನೋಡ್ಲಿಲ್ಲ" ಎಂದರು.

ದಫೇದಾರರು ಪೆನ್ನು ಕೆಳಗಿಟ್ಟರು. "ನಿಮ್ಮ ಕೈಲಾ, ಸಾಬ್ರೇ?"

"ವಯಸ್ಸಾತಲ್ರೀ."

ನನಗೆ ಮಾತು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿತ್ತು, ನುಂಗಿಕೊಂಡೆ.

ಹೊರಗೆ ಬಂದ ಮೇಲೆ ಅವರು ಹೇಳಿದ್ದು ಇಷ್ಟೇ: "ನಿಮ್ಗಿನ್ನೂ ಬಾಳ ವರ್ಷ ಸರ್ವೀಸ್ ಐತೆ. ನಂದೇನು, ಮುಗೀತಾ ಬಂತು."

ರೈಫಲ್ ಪರೀಕ್ಷೆಗೆ ಹೋಗಿ, ನಂಬರ್ ಖಾತ್ರಿಯಾಗಿ ವಾಪಸು ಬಂತು. ಸಾಬರ ರಿಪೇರಿ ಲೈಸೆನ್ಸ್ ಅಮಾನತಾಯಿತು, ಮತ್ತೆ ಸಿಗಲಿಲ್ಲ. ಅದೇ ಅಂಗಡಿಯಲ್ಲಿ ಕುಕ್ಕರಿನ ಹಿಡಿ ಕೂರಿಸುತ್ತಾ, ಸ್ಟೋವ್ ಬಿಚ್ಚುತ್ತಾ ಕೂತರು. ಹೋದಾಗಲೆಲ್ಲ ನನಗೆ ಚಹಾ ತರಿಸುತ್ತಿದ್ದರು. ಒಮ್ಮೆ, "ಠಾಣೆಗೆ ಹೋಗಿ ನಿಜ ಹೇಳಿಬಿಡ್ತೀನಿ" ಎಂದೆ. "ಈಗ ಹೇಳಿದ್ರೆ ಇಬ್ರೂ ಸಿಕ್ಕಿ ಬೀಳ್ತೀವಿ. ಹೋಗ್ರಿ, ಮಕ್ಳಿಗೆ ಪಾಠ ಮಾಡ್ರಿ" ಎಂದು ಗದರಿದರು. ನನಗೆ ಹಗುರವಾಯಿತು. ಬೇಡವೆನ್ನಲಿ ಎಂದೇ ಹೇಳಿದ್ದೆನೇನೋ.

ಹೋದ ವರ್ಷ ಸಾಬರು ತೀರಿಕೊಂಡರು. ಮನೆಗೆ ಹೋಗಿ ಅವರ ಹೆಂಡತಿಯ ಎದುರು ಕೂತೆ. "ಜೀವಮಾನದಾಗೆ ಒಂದೇ ಒಂದು ನಂಬರ್ ಕೆಡಿಸ್ಬಿಟ್ರು ನೋಡ್ರಮ್ಮ. ಹೆಂಗ್ ಕೆಟ್ತು ಅಂತ ಕೇಳಿದ್ರೆ ಸುಮ್ನಾಗೋರು" ಎಂದು ಆಕೆ ಕಣ್ಣೊರೆಸಿಕೊಂಡರು. ಸಾಬರು ಮನೆಯಲ್ಲೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ರೈಫಲ್ ಇನ್ನೂ ನನ್ನ ಬಳಿಯೇ ಇದೆ. ಕೊಳ್ಳಲು ಬಂದವರು ನಂಬರ್ ನೋಡಿ ಹಿಂದಿರುಗುತ್ತಾರೆ. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಹೊರುತ್ತೇನೆ. ಈ ಸಲ ಹೊಸ ದಫೇದಾರರು ಹಳೆಯ ಕಾಗದ ಓದಿ, "ಓ, ರಿಪೇರಿ ಸಾಬ್ರು ಕೆಡಿಸಿದ್ದಾ ಇದು?" ಎಂದು ಕೇಳಿದರು.

ಹೂಂ ಎಂದೆ. ಸಹಿಯ ಪಕ್ಕ ಹೆಬ್ಬೆಟ್ಟೂ ಬೇಕೆಂದರು, ಒತ್ತಿದೆ. ನನ್ನ ಬೆರಳಿನ ಗೆರೆಗಳು ಒಂದೂ ಬಿಡದಂತೆ ಸ್ಪಷ್ಟವಾಗಿ ಮೂಡಿದವು.