‘ಕಾಯಿಸಿ’ ಅಂದ ದಿನ

ಆ ದಿನ ಮಾಡಿದ ಕೆಲಸಗಳು: ಕೋಳಿಗೂಡಿನ ಬಾಗಿಲು ತೆಗೆದದ್ದು. ಅಣ್ಣನ ಮುರಿದ ಕಾಲಿನ ಕೆಳಗೆ ದಿಂಬು ಸರಿಮಾಡಿ ಮಾತ್ರೆ ಕೊಟ್ಟದ್ದು. ಕಣದಲ್ಲಿ ಕಾಫಿ ಹಣ್ಣಿನ ಮೇಲಿಂದ ಟಾರ್ಪಾಲು ಎಳೆದು ಒಂದು ಸುತ್ತು ಕೆದರಿದ್ದು. ಎರಡು ಬಕೆಟ್ ಬಟ್ಟೆ ಒಗೆದದ್ದು. ಅತ್ತಿಗೆಯ ಜೊತೆ ಕೂತು ಅವರೆಕಾಯಿ ಸುಲಿದದ್ದು. ಬೆಂಗಳೂರಿನ ಪ್ರಯೋಗಾಲಯದಲ್ಲಿ ತಣ್ಣಗೆ ಕೂತಿದ್ದ ಒಂದು ಕ್ಯೂಬಿಟ್ಟನ್ನು ಬಿಸಿ ಮಾಡಿಸಿದ್ದು. ಈ ಕೊನೆಯದು ಮಾಡಬೇಕೆಂದು ಮಾಡಿದ್ದಲ್ಲ.

ಕುಯ್ಲಿನ ಸಮಯಕ್ಕೆ ಸರಿಯಾಗಿ ಅಣ್ಣ ಕಣದಲ್ಲಿ ಜಾರಿ ಬಿದ್ದಿದ್ದ. ಅತ್ತಿಗೆಗೆ ಒಂದು ಕೈ ಆಗಲಿ ಎಂದು ಸೋಮವಾರಪೇಟೆ ಕಡೆಯ ತವರಿಗೆ ಬಂದಿದ್ದೆ. ರಜೆ ಅಂದರೆ ಅರ್ಧ ರಜೆ. ಲ್ಯಾಪ್‌ಟಾಪ್ ಜೊತೆಗೇ ಬಂದಿತ್ತು, ಇಲ್ಲಿಂದಲೇ ಅಳತೆ ನೋಡುತ್ತಿದ್ದೆ. ಹಿಂದಿನ ದಿನ ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕಿತ್ತುಹಾಕಿ ಮನೆಯ ಇಂಟರ್ನೆಟ್ ಹೋಗಿತ್ತು. ಫೋನಿಗೆ ಸಿಗ್ನಲ್ ಸಿಗುವುದು ಕಣದ ಆಚೆ ತುದಿಯ ನೀರಿನ ಟ್ಯಾಂಕಿನ ಹತ್ತಿರ ಮಾತ್ರ, ಅದೂ ಅದಕ್ಕೆ ಮನಸ್ಸಿದ್ದರೆ.

ನನ್ನ ಕೆಲಸ ಏನೆಂದು ಅತ್ತಿಗೆಗೆ ಅವರೆಕಾಯಿ ಸುಲಿಯುತ್ತಲೇ ಹೇಳಿದ್ದೆ. ಉಗುರಿನಗಲದ ಚಿಪ್ ಮೇಲೆ ಅಲ್ಯೂಮಿನಿಯಂನ ಒಂದು ಸರ್ಕ್ಯೂಟು. ಆಳೆತ್ತರದ ಫ್ರಿಜ್ಜಿನಲ್ಲಿ ಹೀಲಿಯಂ ಹರಿಸಿ, ಇನ್ನು ತಣ್ಣಗಾಗಲು ಜಾಗವೇ ಇಲ್ಲ ಅನ್ನುವಷ್ಟು ತಣಿಸಿಟ್ಟರೆ ಮಾತ್ರ ಅದು ಕ್ಯೂಬಿಟ್ಟು, ಕ್ವಾಂಟಂ ಕಂಪ್ಯೂಟರಿನ ಅತಿ ಚಿಕ್ಕ ಘಟಕ. ಮೈಕ್ರೋವೇವಿನ ಒಂದು ಚಿಕ್ಕ ತುಣುಕು ಕಳಿಸಿ ಅದನ್ನು ಮೇಲಿನ ಸ್ಥಿತಿಗೆ ಎತ್ತುತ್ತೇವೆ. ಸ್ವಲ್ಪ ಬಿಟ್ಟು, ಇನ್ನೂ ಮೇಲಿದೆಯಾ, ಕೆಳಗೆ ಬಿತ್ತಾ ಅಂತ ನೋಡುತ್ತೇವೆ. ನೇರ ಮುಟ್ಟುವಂತಿಲ್ಲ. ಪಕ್ಕದ ಇನ್ನೊಂದು ಸರ್ಕ್ಯೂಟನ್ನು ಮೆಲ್ಲಗೆ ತಟ್ಟಿ, ಬಂದ ದನಿಯಿಂದ ತಿಳಿಯಬೇಕು.

“ಹಲಸಿನಕಾಯಿ ತಟ್ಟಿ ನೋಡೋ ಹಾಗೆ,” ಅಂದರು ಅತ್ತಿಗೆ.

“ಹಾಗೇ ಅತ್ತಿಗೆ.”

“ನಂಗೆ ಒಂದ್ಸಲ ತಟ್ಟಿದ್ರೆ ಸಾಕಮ್ಮ. ನೀನು ಬಂದಾಗಿಂದ ತಟ್ತಾನೇ ಇದ್ದೀಯ.”

“ಒಂದು ಸಲಕ್ಕೆ ಹೂಂ ಅಥವಾ ಊಹೂಂ, ಅಷ್ಟೇ ಹೇಳೋದು. ಅದೂ ಒಮ್ಮೊಮ್ಮೆ ಸುಳ್ಳು. ಸಾವಿರ ಸಲ ಕೇಳಿ ಸರಾಸರಿ ತೆಗೀಬೇಕು.”

“ನಿಮ್ಮಣ್ಣನ ಥರ ಅನ್ನು.”

“ಕೇಳಿಸ್ತು!” ಅಂತ ಒಳಗಿನಿಂದ ಅಣ್ಣ ಕೂಗಿದ.

ಆ ಚಿಪ್ ಮಾಡಿದವಳು ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ಅವಳ ಹಿಂದಿನ ಚಿಪ್‌ಗಳೆಲ್ಲ ಎತ್ತಿದ ಕೂಡಲೇ ಬೀಳುತ್ತಿದ್ದವು. ಇದೊಂದು ನಿಂತಿತ್ತು. ಇದರ ಆಯುಸ್ಸು ಹೊತ್ತು ಹೊತ್ತಿಗೆ ಹೇಗೆ ಏರಿಳಿಯುತ್ತದೆ ಅಂತ, ನಡುವೆ ಬಿಸಿಯಾಗದಂತೆ, ದಿನಗಟ್ಟಲೆ ನೋಡುತ್ತಾ ಹೋಗುವುದೇ ಅವಳ ಕೊನೆಯ ಅಧ್ಯಾಯ. ಒಮ್ಮೆ ಬಿಸಿಯಾಗಿ ಮತ್ತೆ ತಣಿದರೆ ಅದೇ ಚಿಪ್ ಬೇರೆ ಸ್ವಭಾವ ತೋರಿಸಬಹುದು. ಇನ್ನೊಂದು ಹಗಲು ಕಳೆದರೆ ಮುಗಿಯುತ್ತಿತ್ತು. ಹುಡುಗಿ ಬುದ್ಧಿಹಲ್ಲು ಕೀಳಿಸಿಕೊಂಡು ಹಾಸ್ಟೆಲಿನಲ್ಲಿ ಮಲಗಿದ್ದಳು. “ನೀವು ನೋಡ್ಕೊಳ್ಳಿ ಅಕ್ಕ” ಅಂದಿದ್ದಳು.

ಬೆಳಿಗ್ಗೆ ಬಟ್ಟೆ ಒಣಹಾಕಲು ಟ್ಯಾಂಕಿನ ಕಡೆ ಹೋದಾಗ ಫೋನು ಬಂತು. ಫ್ರಿಜ್ ನೋಡಿಕೊಳ್ಳುವವರು ಹಾಸನದವರು, ನನ್ನ ವಯಸ್ಸಿನವರೇ. ಪ್ರಯೋಗಾಲಯದಲ್ಲಿ ಉಳಿದವರ ಜೊತೆ ಇಂಗ್ಲಿಷು, ಹಿಂದಿ. ನಾವಿಬ್ಬರು ಮಾತ್ರ ಹಟಕ್ಕೆ ಬಿದ್ದವರಂತೆ ಎಲ್ಲಕ್ಕೂ ಕನ್ನಡ. ಬೇರೆಯವರ ಕೂಲ್‌ಡೌನು ನಮಗೆ ತಣಿಸುವುದು, ಚಿಪ್ ಬದಲಿಸುವ ಮೊದಲಿನ ವಾರ್ಮಪ್ಪು ನಮಗೆ ಕಾಯಿಸುವುದು.

“ಮೇಡಂ, ಫ್ರಿಜ್ಜಿಗೆ ಮುಂದಿನ ಸರದಿಯವ್ರು ಚಿಪ್ ಹಿಡ್ಕೊಂಡು ಬಂದು ಕೂತವ್ರೆ. ಏನ್ ಮಾಡ್ಲಿ?”

“ಕಾಯಿಸಿ.”

“ಕಾಯಿಸ್ಲಾ? ಈಗ್ಲೇನಾ?”

“ಹೂಂ, ಕಾಯಿಸಿ. ಏನೂ ಆಗಲ್ಲ.”

ಲೈನು ಕಡಿಯಿತು. ನಾನು ಒದ್ದೆ ಲುಂಗಿ ಕೊಡವಿ ತಂತಿಗೆ ಹಾಕಿದೆ.

ಅಡುಗೆಮನೆಗೆ ಬಂದರೆ ಅತ್ತಿಗೆ ಪಾತ್ರೆ ಹಿಡಿದು ನಿಂತಿದ್ದರು. “ಹಾಲು ಕಾಯಿಸಲೋ, ಕುಯ್ಲಿನವರು ಬರೋವರೆಗೂ ಕಾಯಲೋ?” ಅಂದರು.

ಬಂದವರನ್ನು ಕಾಯಿಸಿ ಅಂದಿದ್ದೆ ನಾನು. ಹಾಸನದವರು ಕೇಳಿಸಿಕೊಂಡದ್ದು ಫ್ರಿಜ್ಜಿನ ಮಾತು. “ಈಗ್ಲೇನಾ” ಅಂತ ಯಾಕೆ ಕೇಳಿದರು ಎಂದು ಆಗ ಹೊಳೆಯಿತು.

ಟ್ಯಾಂಕಿನ ಹತ್ತಿರ ಓಡಿದೆ. ಸಿಗ್ನಲ್ ಇಲ್ಲ. ಟ್ಯಾಂಕಿನ ಕಟ್ಟೆ ಹತ್ತಿದೆ, ಇಲ್ಲ. ಅತ್ತಿಗೆಯ ಸ್ಕೂಟರು ತೆಗೆದುಕೊಂಡು ಡಾಂಬರು ರಸ್ತೆಯ ತಿರುವಿಗೆ ಹೋದೆ. ಅಲ್ಲಿ ಎರಡು ಕಡ್ಡಿ ಬಂತು. ಅವರ ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ. ಪಂಪಿನ ಸದ್ದಿನಲ್ಲಿ ಅವರಿಗೆ ಕೇಳಿಸುವುದಿಲ್ಲ ಅಂತ ಗೊತ್ತು. ಹುಡುಗಿಗೆ ಫೋನು ಮಾಡಲೇ ಅನ್ನಿಸಿತು, ಏನೆಂದು ಹೇಳುವುದು? ಮೆಸೇಜು ಬರೆದೆ: ‘ಕಾಯಿಸಬೇಡಿ’. ಕಳಿಸುವ ಮೊದಲು ಬೆರಳು ನಿಂತಿತು. ಮೊದಲ ಮಾತನ್ನು ಅವರು ಸರಿಯಾಗಿಯೇ ತಿಳಿದಿದ್ದರೆ? ಬಂದವರನ್ನು ಕಾಯಿಸಬೇಡಿ ಅಂತ ಓದಿಕೊಂಡು ಈಗ ಫ್ರಿಜ್ ಕಾಯಿಸಲು ಹೊರಡುತ್ತಾರೆ. ಅಳಿಸಿದೆ. ‘ಫ್ರಿಜ್ ಬಿಸಿ ಮಾಡಬೇಡಿ. ಬಂದವರು ಕೂತಿರಲಿ’ ಅಂತ ಬರೆದು ಕಳಿಸಿದೆ. ಕುಶಾಲನಗರದ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಸ್ಟ್ಯಾಂಡು ಹಾಕುವುದು, ತೆಗೆಯುವುದು, ಫೋನು ನೋಡುವುದು.

ಕೊನೆಗೆ ಅವರೇ ಫೋನು ಮಾಡಿದರು.

“ಅಯ್ಯೋ ಮೇಡಂ, ನೀವೇ ಕಾಯಿಸಿ ಅಂದ್ರಲ್ಲಾ! ಹೀಲಿಯಂ ಎಲ್ಲಾ ಫ್ರಿಜ್ಜಿಂದ ಅದ್ರ ಟ್ಯಾಂಕಿಗೆ ಎಳ್ದಾಯ್ತು.”

“ದೊಡ್ಡ ಕೂಲರ್?”

“ಅದ್ನ ಇನ್ನೂ ಆರ್ಸಿಲ್ಲ. ಸ್ವಿಚ್ಚಿನ್ ಹತ್ರನೇ ನಿಂತಿದ್ದೆ.”

“ಹಾಗಾದ್ರೆ ವಾಪಸ್ ತಣಿಸಿ. ಈಗಲೇ.”

“ತಣಿಸ್ತೀನಿ. ಆದ್ರೆ ಇವ್ರನ್ನ?”

“ಕೂರಿಸಿ.”

“ಹೂಂ, ಇದು ಅರ್ಥ ಆಯ್ತು,” ಅಂದರು. ಇಬ್ಬರಿಗೂ ನಗು ಬರಲಿಲ್ಲ.

ಅರ್ಧ ದಾರಿ ತಣಿಸುವ ಆ ಕೂಲರ್ ಓಡುತ್ತಲೇ ಇತ್ತು, ಅಂದರೆ ಪೂರ್ತಿ ಬಿಸಿಯಾಗಿರಲಿಲ್ಲ. ಆದರೆ ಅಲ್ಯೂಮಿನಿಯಂ, ತಡೆಯಿಲ್ಲದೆ ವಿದ್ಯುತ್ ಹರಿಸುವ ತನ್ನ ಗುಣ ಬಿಡುವಷ್ಟು ಆಗಿತ್ತು. ಮತ್ತೆ ತಣಿಯಲು ಸಂಜೆಯಾಗುತ್ತದೆ. ಆ ಹಗಲು ನಾನು ಹಿಡಿದ ಒಂದು ಕೆಲಸವೂ ನೆಟ್ಟಗಾಗಲಿಲ್ಲ. ಕೆದರಿದ ಹಣ್ಣನ್ನೇ ಮತ್ತೆ ಕೆದರಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. “ಕೂತ್ಕೋ ಒಂದ್ಕಡೆ, ನಿನ್ನ ನೋಡಿ ನನ್ನ ಕಾಲು ನೋಯ್ತಾ ಇದೆ,” ಅಂದ ಅಣ್ಣ. ಮಧ್ಯಾಹ್ನ ಹುಡುಗಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಅವಳ ಬಾಯಲ್ಲಿ ಹತ್ತಿ ಇತ್ತು. “ಹೂಂ” ಅಂತ ಮಾತ್ರ ಅಂದಳು. ಬೈದಿದ್ದರೆ ವಾಸಿಯಿತ್ತು.

ಸಂಜೆ ಟ್ಯಾಂಕಿನ ಕಟ್ಟೆಯ ಮೇಲೆ ಗೋಣಿ ಹಾಸಿಕೊಂಡು, ಫೋನಿನಿಂದ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಟ್ಟು ಕೂತೆ. ಇಬ್ಬನಿ ಬೀಳುವ ಮೊದಲು ಕಾಫಿಗೆ ಟಾರ್ಪಾಲು ಹೊದಿಸಲು ಅತ್ತಿಗೆ ಬಂದಿದ್ದರು. ಬೆಳಿಗ್ಗೆ ಇದ್ದ ಜಾಗದಲ್ಲಿ ಕ್ಯೂಬಿಟ್ಟು ಇರಲಿಲ್ಲ. ಪರದೆಯ ಮೇಲಿನ ಗೆರೆ ಚಪ್ಪಟೆ. ಆವರ್ತನವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹುಡುಕಿದೆ. ಒಂದು ಕಡೆ ಸಣ್ಣ ಉಬ್ಬು ಎದ್ದಿತು. ಸರಿದು ಕೂತಿತ್ತು, ಅಷ್ಟೇ. ಎಷ್ಟು ಉದ್ದದ ತುಣುಕು ಕಳಿಸಿದರೆ ಮೇಲೇಳುತ್ತದೆ ಎಂದು ಹೊಸದಾಗಿ ನೋಡಿಕೊಂಡೆ. ಆಮೇಲೆ ಎತ್ತುವುದು, ಬಿಡುವುದು, ತಟ್ಟುವುದು.

“ಬದುಕಿದೆಯಾ ಅಕ್ಕ?” ಫೋನಿನ ಸ್ಪೀಕರಿನಲ್ಲಿ ಹುಡುಗಿ. ಹತ್ತಿ ತೆಗೆದಿದ್ದಳು.

“ಬದುಕಿದೆ.”

“ಎಷ್ಟು ಹೊತ್ತು ನಿಲ್ಲುತ್ತೆ?”

“ಬೆಳಗಿನಷ್ಟಿಲ್ಲಮ್ಮ. ಮುಕ್ಕಾಲು ಪಾಲು ಇರಬಹುದು. ಬಿಸಿಯಾಗಿದ್ದಕ್ಕೋ, ಅದರ ಎಂದಿನ ಏರಿಳಿತವೋ, ಈಗಲೇ ಹೇಳಕ್ಕಾಗಲ್ಲ.”

“ಹಾಗಾದ್ರೆ ಮೊದಲಿಂದ ನೋಡ್ಬೇಕು. ಹಳೇದು ಒಂದು ಭಾಗ, ಇದು ಇನ್ನೊಂದು ಭಾಗ. ಇವತ್ತಿಂದ ಮತ್ತೆ ಅಷ್ಟೂ ದಿನ,” ಅಂದಳು. “ಕಾದು ಕೂತಿರೋ ಆ ಗುಂಪಿನವ್ರಿಗೆ ನಾನೇ ಹೇಳ್ತೀನಿ ಅಕ್ಕ. ನೀವು ಮಾತ್ರ ಏನೂ ಹೇಳ್ಬೇಡಿ.”

ಅತ್ತಿಗೆ ಟಾರ್ಪಾಲಿನ ಅಂಚಿಗೆ ಕಲ್ಲಿಡುತ್ತಾ ನಕ್ಕುಬಿಟ್ಟರು. ನಾನೂ ನಕ್ಕೆ. ಆದರೆ ಅವಳ ಅಷ್ಟೂ ದಿನಗಳು ಹೋದವಲ್ಲ ಅನ್ನುವುದು ನಗುವಿನ ಅಡಿಯಲ್ಲೇ ಇತ್ತು.

ರಾತ್ರಿ ಅಕ್ಕಿ ರೊಟ್ಟಿ, ಉಪ್ಪು ಜಾಸ್ತಿಯಾದ ಅವರೆಕಾಳು ಸಾರು, ಅದಕ್ಕೆ ನೀರು ಸೇರಿಸಿ ಸೇರಿಸಿ ಎರಡು ಪಾತ್ರೆ ಆಗಿತ್ತು. ಮೊದಲು ಮಲಗಿದ್ದು ಅಣ್ಣ, ಮಾತ್ರೆಯ ಮಂಪರಿನಲ್ಲಿ. ಆಮೇಲೆ ಅತ್ತಿಗೆ, ಹಾಲಿಗೆ ಹೆಪ್ಪು ಹಾಕಿ. ನಾನು ಇನ್ನೊಮ್ಮೆ ಟ್ಯಾಂಕಿನ ತನಕ ಹೋಗಿ ಗೆರೆ ನೋಡಿ ಬಂದೆ.