ಇಳಿಸಿಟ್ಟ ಭಾರ

ಹೋದ ತಿಂಗಳು ಮಗಳ ಕಾರಿನಲ್ಲಿ ಸಕಲೇಶಪುರದಿಂದ ಘಾಟಿ ಇಳಿಯುತ್ತಿದ್ದೆವು. ಮುಂದೆ ಹೋಗುತ್ತಿದ್ದ ಲಾರಿಯ ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ರಬ್ಬರನ್ನೂ ಕೂದಲನ್ನೂ ಒಟ್ಟಿಗೆ ಸುಟ್ಟ ಹಾಗಿರುತ್ತದೆ ಅದು. ಮಗಳು "ಥೂ, ಗ್ಲಾಸ್ ಏರಿಸಮ್ಮ" ಅಂದಳು. ನಾನು ಏರಿಸಲಿಲ್ಲ. ನನ್ನ ಮನಸ್ಸು ಆಗಲೇ ಹೆಗ್ಗದ್ದೆ ಕಡೆಯ ಒಂದು ಕಾಫಿ ಕಣಕ್ಕೆ ಹೋಗಿಯಾಗಿತ್ತು. ಅಲ್ಲಿ ಒಂದು ನೀಲಿ ವ್ಯಾನು ನಿಂತಿರುತ್ತಿತ್ತು...

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಯಜಮಾನರು ಆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಾನು ಹೊಸದಾಗಿ ಮದುವೆಯಾಗಿ ಹೋದವಳು. ಮಾತಿಗೆ ಜನ ಸಿಗದೆ ಒಲೆಯ ಜೊತೆಗೇ ಜಗಳವಾಡುವ ಸ್ಥಿತಿ ನನ್ನದು. ಹಾಗಿರುವಾಗ ಟೈಲರ್ ವ್ಯಾನು ಬಂತೆಂದರೆ ನನಗೆ ಹಬ್ಬ. ಪಾಳ್ಯದ ಕಡೆಯ ಗಂಡ ಹೆಂಡತಿ. ಯಾವುದೋ ಸ್ಕೂಲಿನವರು ಓಡಿಸಿ ಓಡಿಸಿ ಬಿಟ್ಟಿದ್ದ ಡೀಸೆಲ್ ವ್ಯಾನನ್ನು ಕೊಂಡು, ಸೀಟುಗಳನ್ನು ಕಿತ್ತು, ಅದರಲ್ಲೇ ಸಂಸಾರ ಹೂಡಿದ್ದರು. ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನು, ಹಿಂದೆ ಹಲಗೆಯ ಮಂಚ, ಮಂಚದ ಕೆಳಗೆ ಸೀಮೆಎಣ್ಣೆ ಸ್ಟೋವು, ರುಬ್ಬುವ ಕಲ್ಲು, ಕಬ್ಬಿಣದ ಪೆಟ್ಟಿಗೆ. ಬಾಗಿಲಿಗೆ ಮಾವಿನೆಲೆಯ ತೋರಣ ಬೇರೆ! ಎಸ್ಟೇಟಿನಿಂದ ಎಸ್ಟೇಟಿಗೆ ಹೋಗಿ ಕೂಲಿಯವರ ಲೈನ್ ಮನೆಗಳ ಹೆಂಗಸರಿಗೆ ರವಿಕೆ, ಮಕ್ಕಳಿಗೆ ಅಂಗಿ ಚಡ್ಡಿ ಹೊಲಿದು ಕೊಡುವುದು ಅವರ ಕಸುಬು. ಟೈಲರಣ್ಣ ಕತ್ತರಿಸಿ ಹೊಲಿಯುತ್ತಿದ್ದ. ಹೆಮ್ಮಿಂಗು, ಹುಕ್ಸು, ಕಾಜ ಎಲ್ಲ ಅಕ್ಕನ ಕೈಗೆ.

ಅಕ್ಕ ಎಂದೇ ನಾನು ಕರೆಯುತ್ತಿದ್ದದ್ದು. ತಾಯಿ ತಂದೆ ಇಲ್ಲದೆ ಇವರ ಮನೆಯಲ್ಲಿ ಒಂದು ವರ್ಷ, ಅವರ ಮನೆಯಲ್ಲಿ ಒಂದು ವರ್ಷ ಎಂದು ಬೆಳೆದವಳು. "ನಾನಾಗೇ ಬಾಗ್ಲು ಹಾಕ್ಕಂಡು ಮಲ್ಗಿದ ಮನೆ ಅಂದ್ರೆ ಇದೊಂದೇ ಕಣೆ," ಎಂದು ವ್ಯಾನಿನ ಬಾಗಿಲನ್ನು ಸವರುತ್ತಿದ್ದಳು. ಅದರ ನೆಲವನ್ನು ಅವಳು ದಿನಾ ಒರೆಸುತ್ತಿದ್ದಳು. ನನ್ನ ಮನೆಯ ನೆಲ ಅಷ್ಟು ಸಾಫಾಗಿ ಯಾವತ್ತೂ ಇರಲಿಲ್ಲ ಅನ್ನುವುದು ಬೇರೆ ವಿಷಯ.

ತೊಂದರೆ ಇದ್ದದ್ದು ಇಂಜಿನ್ನಿನಲ್ಲಿ. ಹಳೆಯ ಇಂಜಿನ್ನು, ಏರು ಕಂಡರೆ ಸಾಕು, ಡೀಸೆಲ್ಲನ್ನು ಗಟಗಟ ಕುಡಿಯುತ್ತಿತ್ತು. ನಮ್ಮ ಸೀಮೆಯಲ್ಲಿ ಏರಿಲ್ಲದ ರಸ್ತೆ ಎಲ್ಲಿಂದ ತರುವುದು? ಇಬ್ಬರೂ ಕಣ್ಣು ನೋಯಿಸಿಕೊಂಡು ಹೊಲಿದದ್ದೆಲ್ಲ ಟ್ಯಾಂಕಿಗೇ ಸುರಿಯಬೇಕಾಗುತ್ತಿತ್ತು. ಟೈಲರಣ್ಣನಿಗೆ ಮೈಲೇಜಿನ ಹುಚ್ಚು ಹಿಡಿದದ್ದು ಆಗಲೇ. ಸಿಕ್ಕ ಲಾರಿ ಡ್ರೈವರುಗಳನ್ನೆಲ್ಲ ನಿಲ್ಲಿಸಿ ಉಪಾಯ ಕೇಳುತ್ತಿದ್ದ. ಏರ್ ಫಿಲ್ಟರ್ ಬಿಚ್ಚಿ ಕೊಡವುತ್ತಿದ್ದ. ಚಕ್ರಕ್ಕೆ ಗಾಳಿ ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ಒದ್ದು ನೋಡುತ್ತಿದ್ದ. ಗಾಳಿಗೆ ಅಡ್ಡ ಬರುತ್ತದೆ ಎಂದು ಮೇಲಿನ ಕ್ಯಾರಿಯರನ್ನೂ ಕಿತ್ತುಹಾಕಿದ. ಕಾಫಿ ಕೊಟ್ಟರೆ ಕುಡಿದು ಚೆನ್ನಾಗಿದೆ ಅನ್ನುವ ಬದಲು ಡೀಸೆಲ್ ಚಿಮ್ಮುವ ನಾಝಲ್ಲಿನ ಕಥೆ ಹೇಳುವ ಗಂಡಸು! ನನಗೆ ನಗು ಬರುತ್ತಿತ್ತು, ಅಕ್ಕನಿಗೂ ಮೊದಮೊದಲು ನಗುವೇ.

ಆಮೇಲೆ ಯಾರೋ ಅವನ ಕಿವಿಯಲ್ಲಿ ಊದಿದರು, ಭಾರ ಇಳಿಸಿದರೆ ಮೈಲೇಜ್ ಏರುತ್ತದೆ ಎಂದು. ಮೊದಲು ಇಳಿದದ್ದು ರುಬ್ಬುವ ಕಲ್ಲು. "ನಿಮ್ಮನೇಲಿರ್ಲಿ ತಗೊಳಮ್ಮ, ಬಂದಾಗ ರುಬ್ಕಂಡು ಹೋಯ್ತಾಳೆ," ಎಂದು ಅವನೇ ಹೊತ್ತು ತಂದು ನನ್ನ ಅಡುಗೆಮನೆಯಲ್ಲಿಟ್ಟ. ಮುಂದಿನ ಸಲ ನೀರಿನ ಹಂಡೆ. ಅದರ ಮುಂದಿನ ಸಲ ಸೀರೆಗಳಿದ್ದ ಕಬ್ಬಿಣದ ಪೆಟ್ಟಿಗೆ, ಗೋಡೆಗನ್ನಡಿ. ಕನ್ನಡಿ ಎಷ್ಟು ಭಾರವಿರುತ್ತದೆ, ನೀವೇ ಹೇಳಿ. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ಒಂದೊಂದನ್ನೂ ಒರೆಸಿ, ನನ್ನ ಮನೆಯಲ್ಲಿ ಜಾಗ ಹುಡುಕಿ ಇಟ್ಟಳು. ಅವಳ ಮನೆ ತುಂಡು ತುಂಡಾಗಿ ನನ್ನ ಮನೆಗೆ ಬರುತ್ತಿತ್ತು.

"ಇನ್ನೇನೂ ಉಳೀಲಿಲ್ಲ ಕಣೆ," ಅಂದಳು ಒಂದು ದಿನ, ಹಲಗೆಯ ಮಂಚವೂ ಇಳಿದ ಮೇಲೆ. "ಇನ್ನು ಇಳ್ಸೋ ಭಾರ ಅಂದ್ರೆ ನಾನೇ." ನಗುತ್ತಲೇ ಅಂದದ್ದು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಆದರೆ ಅವಳ ನಿದ್ದೆ ಕೆಡಿಸಿದ್ದು ಸಾಮಾನಲ್ಲ, ಇಳಿಜಾರು. ಇಳಿಜಾರು ಸಿಕ್ಕಿದ ಕೂಡಲೇ ಇವನು ನ್ಯೂಟ್ರಲ್ ಮಾಡಿ, ಇಂಜಿನ್ನನ್ನೇ ಬಂದ್ ಮಾಡಿಬಿಡುತ್ತಿದ್ದ. ವ್ಯಾನು ತಾನಾಗಿ ಉರುಳಿಕೊಂಡು ಹೋಗುವಾಗ ಡೀಸೆಲ್ ಯಾಕೆ ಸುಡಬೇಕು ಅನ್ನುವ ಲೆಕ್ಕ. ನಮ್ಮ ಕಡೆ ಆಗ ಎಷ್ಟೋ ಜನ ಹಾಗೇ ಮಾಡುತ್ತಿದ್ದರು, ಅದೇ ಜಾಣತನ ಅಂದುಕೊಂಡಿದ್ದರು. "ಇಂಜಿನ್ ನಿಂತ್ರೆ ಬ್ರೇಕ್ ಕಲ್ಲಾಗ್ಬುಡ್ತದೆ ಕಣೆ. ಎರಡು ಕಾಲಲ್ಲೂ ತುಳೀತಾರೆ, ನಾನು ಪಕ್ಕದಲ್ಲಿ ಕೂತು ನೋಡಿದೀನಿ," ಎಂದು ನನ್ನ ಕೈ ಹಿಡಿದುಕೊಂಡು ಹೇಳಿದಳು. ನಾನು ಸುಮ್ಮನಿರುವವಳೇ? ಕಣದಲ್ಲೇ ಅವನನ್ನು ತರಾಟೆಗೆ ತೆಗೆದುಕೊಂಡೆ. "ಇಳಿಜಾರಲ್ಲಿ ಡೀಸೆಲ್ ಸುಡೋದು ದಂಡ ಕಣಮ್ಮ. ಇಳಿಜಾರು ದೇವ್ರು ಕೊಟ್ಟಿದ್ದು," ಎಂದು ಹಲ್ಲು ಕಿರಿದ. ಕೆಟ್ಟವನಲ್ಲ. ಹೆಂಡತಿಯ ಮೇಲೆ ಒಂದು ದಿನ ದನಿ ಏರಿಸಿದವನಲ್ಲ. ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ.

ಕೊನೆಗೆ ಅಕ್ಕ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು. ಆ ವ್ಯಾನಿನಲ್ಲಿ ಸ್ಟೇರಿಂಗಿನ ಕೆಳಗೆ ಒಂದು ಕರಿಯ ಗುಂಡಿ ಇತ್ತು. ಅದನ್ನು ಎಳೆದರೆ ಇಂಜಿನ್ ಬಂದ್. ಅವಳು ದಪ್ಪ ಬಟ್ಟೆಯಲ್ಲಿ ಒಂದು ಕೆಂಪು ಚೀಲ ಮಾಡಿ ಆ ಗುಂಡಿಗೆ ತೊಡಿಸಿ, ಎಳೆಯಲು ಬಾರದ ಹಾಗೆ ಹಿಂದಿನ ಕಬ್ಬಿಣದ ಪಟ್ಟಿಗೆ ಸೇರಿಸಿ, ಕೆಂಪು ದಾರದಿಂದ ಬಿಗಿಯಾಗಿ ಹೊಲಿದುಬಿಟ್ಟಳು! ನಾನು ಬಿದ್ದು ಬಿದ್ದು ನಕ್ಕೆ. ಟೈಲರಣ್ಣನೂ ನಕ್ಕ. "ಹೆಂಡ್ತಿ ಹೊಲಿಗೆ ಬಿಚ್ಚಾಕಾಯ್ತದಾ," ಎಂದು ಒಪ್ಪಿಕೊಂಡ. ಅಲ್ಲಿಂದ ಮೇಲೆ ಊರು ತಲುಪಿದಾಗ ಇಂಜಿನ್ ನಿಲ್ಲಿಸಲು ಗೇರಿನಲ್ಲಿಟ್ಟು ಕ್ಲಚ್ ಬಿಡುತ್ತಿದ್ದ, ವ್ಯಾನು ಒಮ್ಮೆ ಮುಗ್ಗರಿಸಿ ನಿಲ್ಲುತ್ತಿತ್ತು. ಅಕ್ಕ ನಿದ್ದೆ ಮಾಡಿದಳು. ಮುಖದಲ್ಲಿ ಕಳೆ ಬಂತು.

ಅದರ ಜೊತೆಗೆ ಇನ್ನೊಂದು ಶುರುವಾಯಿತು. ದೂರದ ಎಸ್ಟೇಟುಗಳಿಗೆ ಹೋಗುವಾಗ ಅವಳನ್ನು ನನ್ನ ಮನೆಯಲ್ಲಿ ಬಿಟ್ಟು ಹೋಗತೊಡಗಿದ. ಭಾರ ಕಡಿಮೆಯಾಗುತ್ತದಂತೆ. ನನಗೆ ಜೊತೆ ಸಿಕ್ಕಿತೆಂದು ಖುಷಿಯೇ ಆಗಿತ್ತು. ಅವನು ಬಂದ ಕೂಡಲೇ ಅಕ್ಕ ಮೊದಲು ಮಾಡುತ್ತಿದ್ದ ಕೆಲಸ, ಬಗ್ಗಿ ಆ ಕೆಂಪು ಚೀಲ ನೋಡುವುದು. ಹೊಲಿಗೆ ಹೇಗಿತ್ತೋ ಹಾಗೇ ಇರುತ್ತಿತ್ತು. ಆಮೇಲೆಯೇ ಅವನಿಗೆ ಕಾಫಿ.

ಒಂದು ದಿನ ಬಿಸಿಲೆ ಘಾಟಿ ಕಡೆಗೆಂದು ಬೆಳಿಗ್ಗೆ ಹೋದವನು ಬರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಯಾರೋ ಬಂದು ಯಜಮಾನರನ್ನು ಹೊರಗೆ ಕರೆದರು. ತಿರುವಿನಲ್ಲಿ ವ್ಯಾನು ನಿಂತಿಲ್ಲ, ರಸ್ತೆ ಪಕ್ಕದ ಮಣ್ಣಿನ ಧರೆಗೆ ಬಡಿದು ಮಗುಚಿದೆ. ಆಸ್ಪತ್ರೆಯ ತನಕವೂ ಜೀವ ಇರಲಿಲ್ಲ... ಯಜಮಾನರು ಎಸ್ಟೇಟಿನ ಜೀಪಿನಲ್ಲಿ ಹೋಗಿ, ವ್ಯಾನಿನ ಮುಂದಿನ ಭಾಗದಲ್ಲಿ ಸಿಕ್ಕಿದ್ದನ್ನು ಒಂದು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದರು. ಕತ್ತರಿ, ಟೇಪು, ಅಂಗಿ, ಆ ಕೆಂಪು ಚೀಲ. ಟವೆಲ್ಲಿಗೆಲ್ಲ ಬ್ರೇಕ್ ಸುಟ್ಟ ವಾಸನೆ.

ಅಕ್ಕ ಮೊದಲು ಅಂಗಿಯನ್ನು ಮಡಿಲಿಗೆ ಎಳೆದುಕೊಂಡಳು. ಕಾಲರಿನ ಒಳಗಡೆ ಒಂದು ಸೂಜಿ ಚುಚ್ಚಿತ್ತು. ಸೂಜಿಗೆ ಕೆಂಪು ದಾರ ಪೋಣಿಸಿತ್ತು. ಅದನ್ನು ನೋಡಿದವಳು ಚೀಲ ಎತ್ತಿ ಬೆಳಕಿಗೆ ಹಿಡಿದಳು. ಹೊಲಿಗೆಯನ್ನು ಕತ್ತರಿಸಿರಲಿಲ್ಲ, ನಾಜೂಕಾಗಿ ಬಿಚ್ಚಿತ್ತು. ಸೂಜಿಯ ತೂತುಗಳೆಲ್ಲ ಅಗಲವಾಗಿದ್ದವು.

"ಇವತ್ತೊಂದಿನ ಅಲ್ಲ ಕಣೆ," ಅಂದಳು. "ನಾನು ಚುಚ್ಚಿದ್ದ ತೂತಿಗೇ ಸೂಜಿ ಹಾಕಿ ಮತ್ತೆ ಹೊಲೀತಿದ್ರು. ಮನೆ ಹತ್ರ ಬರೋ ಮೊದ್ಲು." ಆ ತೂತುಗಳ ಮೇಲೆ ಬೆರಳಾಡಿಸಿ, "ಅಷ್ಟು ಚೆಂದಾಗಿ ಹೊಲೀಬಾರ್ದಾಗಿತ್ತು ಅವ್ರು," ಅಂದಳು. ಆಮೇಲೆ ಅವಳು ಅತ್ತ ಅಳು... ಬೇಡ. ಅದನ್ನು ಬರೆಯಲು ನನಗೆ ಆಗುವುದಿಲ್ಲ.

ಆಲೂರಿನ ಕಡೆಯಿಂದ ದೂರದ ಸಂಬಂಧಿಕರು ಬಂದು ಕರೆದುಕೊಂಡು ಹೋದರು. ಮತ್ತೆ ಯಾರದೋ ಮನೆಗೆ. ಸಾಮಾನು ತೆಗೆದುಕೊಂಡು ಹೋಗಕ್ಕ ಎಂದೆ. "ಎಲ್ಲಿಡ್ಲಿ ಹೇಳು? ಇಲ್ಲೇ ಇರ್ಲಿ," ಅಂದಳು. ಒಂದೆರಡು ಸಲ ಹೇಳಿ ಕಳಿಸಿದೆ. ಹುಡುಕಿಕೊಂಡೂ ಹೋಗಿದ್ದೆ. ಅಲ್ಲಿಂದಲೂ ಎಲ್ಲಿಗೋ ಹೋಗ್ಬುಟ್ಟಳು ಅಂದರು. ಎಲ್ಲಿಗೆ ಅನ್ನುವುದು ಅವರಿಗೂ ಬೇಕಿರಲಿಲ್ಲ.

ಆ ದಿನ ಘಾಟಿಯಿಂದ ಬಂದ ಮೇಲೆ ಮಗಳು ಮನೆ ಬದಲಾಯಿಸುವ ಮಾತು ತೆಗೆದಳು. "ಈ ರುಬ್ಬೋ ಕಲ್ಲು, ಈ ತುಕ್ಕು ಹಿಡಿದ ಪೆಟ್ಟಿಗೆ, ಯಾಕಮ್ಮ ಹೋದಲ್ಲೆಲ್ಲ ಹೊತ್ಕೊಂಡು ಹೋಗ್ತೀಯ? ಯಾರ್ದು ಇದು?" ಎಂದು ಕೇಳಿದಳು. ಅದು ಒಬ್ಬರ ಮನೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಅವಳು ಮಲಗಲು ಹೋದ ಮೇಲೆ ಪೆಟ್ಟಿಗೆ ತೆಗೆದೆ. ಅಕ್ಕನ ಸೀರೆಗಳ ಮೇಲೆ ಕೆಂಪು ಚೀಲ ಇತ್ತು. ಕಳೆದುಹೋಗದಿರಲಿ ಎಂದು ಆ ಸೂಜಿಯನ್ನು ಅದಕ್ಕೇ ಚುಚ್ಚಿಟ್ಟಿದ್ದೆ. ಮೆಲ್ಲಗೆ ಎಳೆದು ನೋಡಿದೆ. ತುಕ್ಕು ಹಿಡಿದು ಬಟ್ಟೆಗೆ ಕಚ್ಚಿಕೊಂಡುಬಿಟ್ಟಿದೆ, ಈಗ ಬಿಚ್ಚಲು ಬರುವುದಿಲ್ಲ.